ಗಂಟೆಯ ನಾಲಗೆ

ಶುಕ್ರವಾರ ಬೆಳಗ್ಗೆ ಎಂಟೂವರೆಗೆ ಪಾದ್ರಿ ಹ್ಯಾಡ್ಲಿ ಠಾಣೆಗೆ ಬಂದು, ಚರ್ಚಿನ ಗಂಟೆಯ ನಾಲಗೆ ಕಳವಾಗಿದೆಯೆಂದು ದೂರು ಕೊಟ್ಟರು. ಹನ್ನೊಂದಕ್ಕೆ, ಚರ್ಚಿನ ಆಡಳಿತ ನೋಡುತ್ತಿದ್ದ ಹಿರಿಯ ಡೀಕನ್ ಆಲ್ಡೆನ್ ಪ್ರೂಯಿಟ್‌ನ ಶವಸಂಸ್ಕಾರ. ಅಮೆರಿಕದ ವರ್ಮಾಂಟಿನ ಆ ಸಣ್ಣ ಊರಿನಲ್ಲಿ ಸತ್ತವರ ವಯಸ್ಸಿನಷ್ಟು ಸಲ ಗಂಟೆ ಬಾರಿಸುವುದು ಚರ್ಚು ಕಟ್ಟಿದಂದಿನಿಂದ ಬಂದ ಪದ್ಧತಿ. ಪ್ರೂಯಿಟ್‌ಗೆ ತೊಂಬತ್ತೊಂದು.

ಠಾಣಾಧಿಕಾರಿ ಕಿಟ್ರೆಜ್ ದೂರು ದಾಖಲಿಸಿಕೊಂಡು, ಪೇದೆ ಲೂಸಿಯನ್‌ನೊಡನೆ ಹೊರಟ. ಇಬ್ಬರೂ ಮರದ ಗೋಪುರದ ಏಣಿ ಹತ್ತಿದರು. ಮಹಜರಿನಲ್ಲಿ ಕಂಡದ್ದಿಷ್ಟು: ಬೀಗ ಮುರಿದಿಲ್ಲ. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು ತಿರುಗಿಸಿದ್ದಾರೆ. ಪಾರಿವಾಳದ ಹಿಕ್ಕೆಯ ಮೇಲೆ ಒಬ್ಬರದೇ ಬೂಟಿನ ಗುರುತು, ಚಿಕ್ಕ ಅಳತೆಯದು. ಹಗ್ಗಕ್ಕೆ ಕಟ್ಟಿ ಇಳಿಸುವಾಗ ಭಾರಕ್ಕೆ ಕೈ ಜಾರಿರಬೇಕು. ಕೆಳಗಿನ ಹಲಗೆ ಸೀಳಿತ್ತು.

ಗುಜರಿ ಕಳ್ಳರಿರಬೇಕು ಎಂದ ಲೂಸಿಯನ್.

"ತಾಮ್ರ ಇರೋದು ಗಂಟೆಲಿ ಕಣಯ್ಯ. ನಾಲಗೆ ಬರೀ ಕಬ್ಬಿಣ. ಇದು ಬಾಯಿ ಮುಚ್ಚಿಸೋಕೆ ಮಾಡಿದ ಕೆಲಸ."

ಗೋಪುರದ ಕೀಲಿ ನೆಲಮಾಳಿಗೆಯ ಅಡುಗೆಮನೆಯ ಮೊಳೆಗೆ ನೇತುಹಾಕಿರುತ್ತಿತ್ತೆಂದು ಪಾದ್ರಿ ಹೇಳಿದರು. ಅಲ್ಲಿ ಹೆಂಗಸರು ಸಂಸ್ಕಾರದ ಊಟಕ್ಕೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಹೈನುಗಾರ್ತಿ ಐವಾ ಟಟಲ್ ಒಬ್ಬಳೇ ರಬ್ಬರ್ ಗ್ಲೌಸ್ ಹಾಕಿಕೊಂಡಿದ್ದಳು. ಕಿಟ್ರೆಜ್ ಅವಳನ್ನು ಹೊರಗೆ ಕರೆದ.

"ಗ್ಲೌಸ್ ತೆಗಿ, ಐವಾ."

ಎರಡೂ ಅಂಗೈ ಸುಲಿದಿದ್ದವು.

"ಹಸು ಹಗ್ಗ ಎಳೀತು ಅಂತೀಯೇನು?"

"ಹಸು ಮೇಲೆ ಯಾಕೆ ಹಾಕ್ಲಿ, ಪಾಪ. ನಾನೇ ಬಿಚ್ಚಿದ್ದು."

"ಎಲ್ಲಿದೆ?"

"ನಮ್ಮ ಸಗಣಿ ಗುಂಡೀಲಿ. ಪ್ರೂಯಿಟ್ ಮಕ್ಕಳಿಗೆ ಬೇಕಿದ್ರೆ ಇಳಿದು ಹುಡುಕ್ಕೊಳ್ಳಲಿ."

ಅವಳ ತಮ್ಮ ರಸೆಲ್ ಹತ್ತೊಂಬತ್ತನೇ ವಯಸ್ಸಿನಲ್ಲಿ ಕೊಟ್ಟಿಗೆಯಲ್ಲಿ ನೇಣು ಹಾಕಿಕೊಂಡಿದ್ದ. ತನ್ನನ್ನೇ ಕೊಂದುಕೊಂಡವನಿಗೆ ದೇವರ ಗಂಟೆ ಇಲ್ಲವೆಂದು ಪ್ರೂಯಿಟ್ ಗೋಪುರಕ್ಕೆ ಬೀಗ ಜಡಿದು ಬಾಗಿಲಲ್ಲಿ ಅಡ್ಡ ನಿಂತಿದ್ದ. ಮುಂದಿನ ಭಾನುವಾರದಿಂದ ಐವಾ ಅವನ ಹಿಂದಿನ ಬೆಂಚಿನಲ್ಲೇ ಕೂತಳು. ನಲವತ್ತು ವರ್ಷ ಅವನ ಕತ್ತು ನೋಡಿಕೊಂಡೇ ಕೀರ್ತನೆ ಹಾಡಿದಳು. ಅವನ ಹುಟ್ಟುಹಬ್ಬಕ್ಕೆ ಆಪಲ್ ಪೈ ಕೂಡ ಮಾಡಿಕೊಟ್ಟಳು.

"ನನಗಿಂತ ಮೊದಲು ಅವನು ಹೋಗ್ಲಿ ಅಂತ ದಿನಾ ಬೇಡ್ಕೋತಿದ್ದೆ," ಎಂದಳು. "ಅದೊಂದನ್ನ ದೇವರು ನಡೆಸಿಕೊಟ್ಟ."

ಹತ್ತೂಮುಕ್ಕಾಲಿಗೆ ಅವಳನ್ನು ಬಂಧಿಸಿದರು. ಅಷ್ಟರಲ್ಲಿ ಪ್ರೂಯಿಟ್‌ನ ಹಿರಿಯ ಮಗ ದೊಡ್ಡ ಸುತ್ತಿಗೆ ಹಿಡಿದು ಬಂದ. ನಾಲಗೆ ಇಲ್ಲದಿದ್ದರೇನು, ಹೊರಗಿಂದ ಬಡಿದರೂ ಗಂಟೆ ಕೂಗುತ್ತದೆ ಎಂದ. ಕಿಟ್ರೆಜ್ ಗೋಪುರದ ಬಾಗಿಲಿಗೆ ಅಡ್ಡ ನಿಂತ.

"ಇದು ಅಪರಾಧ ನಡೆದ ಜಾಗ. ಮಹಜರು ಇನ್ನೂ ಮುಗಿದಿಲ್ಲ. ಯಾರೂ ಹತ್ತೋ ಹಾಗಿಲ್ಲ."

ಲೂಸಿಯನ್ ತನ್ನ ಸಾಹೇಬನ ಮುಖ ನೋಡಿದ. ಬಾಗಿಲಿಗೆ ಹಳದಿ ಪಟ್ಟಿ ಎಳೆದ.

ಐವಾ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು, ಕಿಟ್ರೆಜ್ ಮುಂದೆ ಚಾಲಕನ ಸೀಟಿನಲ್ಲಿ. ಸುಲಿದ ಅಂಗೈಗಳು ತೊಡೆಯ ಮೇಲೆ ತೆರೆದುಕೊಂಡಿದ್ದವು. ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಬಾಗಿಲು ತೆರೆದು ಶವಪೆಟ್ಟಿಗೆ ಹೊರಬಂತು. ಜನ ಅಭ್ಯಾಸಬಲದಿಂದ ತಲೆಯೆತ್ತಿ ಗೋಪುರ ನೋಡಿದರು.

"ಕಿಟಕಿ ಇಳಿಸಪ್ಪ," ಎಂದಳು. "ಕೇಳಿಸ್ಕೋಬೇಕು."

"ಕೇಳೋದಕ್ಕೆ ಏನಿದೆ?"

"ರಸೆಲ್‌ನ ಮಣ್ಣು ಮಾಡಿದ ದಿನ ನಮ್ಮಮ್ಮ ಹಿಮದಲ್ಲಿ ಕತ್ತಲಾಗೋವರೆಗೆ ನಿಂತು ಕೇಳಿಸ್ಕೊಂಡಳಲ್ಲ, ಅದು."

ಕಿಟ್ರೆಜ್ ಕಿಟಕಿ ಇಳಿಸಿದ. ಜಲ್ಲಿಯ ಮೇಲೆ ಬೂಟುಗಳು ಸರಿದ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಶವದ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅವನು ಎಂಜಿನ್ ಶುರು ಮಾಡಲಿಲ್ಲ.