ಉಗ್ರಾಣದ ಪೆಟ್ಟಿಗೆಯಿಂದ ಹೋದ ದನಿ

ಆ ಭಾನುವಾರ ಸಂಜೆ ಏಳು ಗಂಟೆಗೆ ಪತ್ರುವಿನ ದನಿ ಕಾಣೆಯಾಗಿರುವುದು ಗೊತ್ತಾಯಿತು.

ನಮಗೆ ಅದನ್ನು ತಿಳಿಸಿದ್ದು ಅವನ ಮೊಮ್ಮಗಳು, ಐದು ವರ್ಷದ ಇಲಿಂಕಾ. ಅವಳಿರುವುದು ಸ್ಪೇನಿನಲ್ಲಿ. ಅಪ್ಪ ಅಮ್ಮ ಅಲ್ಲಿ ಟೈಲ್ಸ್ ಕಾರ್ಖಾನೆಯಲ್ಲಿ ದುಡಿಯುತ್ತಾರೆ. ಪ್ರತಿ ಭಾನುವಾರ ಸಂಜೆ ಟ್ಯಾಬ್ಲೆಟ್ ತೆರೆದು ತಾತನ ಒಂದು ಕಥೆ ಕೇಳುವುದು ಅವಳ ಪದ್ಧತಿ. ಅವತ್ತೂ ತೆರೆದಳು. ಕಥೆಗಳ ಪಟ್ಟಿ ಇರಲಿಲ್ಲ. "ಸ್ವಾಗತ, ನಿಮ್ಮ ಹೆಸರು ನೋಂದಾಯಿಸಿ" ಎಂಬ ಪುಟ ಬಂತು.

ಅವಳು ನಮ್ಮೂರು ತಿಮಿಶ್ವಾರಕ್ಕೆ ಫೋನ್ ಮಾಡಿ, "ಅಜ್ಜೀ, ತಾತ ಬರ್ತಾ ಇಲ್ಲ" ಎಂದಳಂತೆ. ಪತ್ರುವಿನ ಹೆಂಡತಿ ವೇತಾ ಮನೆಯೊಳಗಿನ ಚಪ್ಪಲಿಯಲ್ಲೇ ಎರಡು ಮಹಡಿ ಹತ್ತಿ ಬಂದು ನನ್ನ ಬಾಗಿಲು ಬಡಿದಳು.

"ಸೆವೆರಣ್ಣಾ, ಕಥೆ ಎಲ್ಲಿ?"

ಸೆವೆರ್ ಅಂದರೆ ನಾನು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತನಾದವನು. ಯಾವುದೋ ಕಚೇರಿ ಮಾರಿದ ಹಳೆಯ ಕಂಪ್ಯೂಟರೊಂದನ್ನು ತಂದು, ನಮ್ಮ ಮನೆಯ ಉಗ್ರಾಣದಲ್ಲಿ, ಹೆಂಡತಿ ಹಾಕಿಟ್ಟ ಬದನೆಕಾಯಿಯ ಜಕುಸ್ಕಾ ಚಟ್ನಿ ಬಾಟಲಿಗಳ ನಡುವೆ ಇಟ್ಟಿದ್ದೇನೆ. ಅದು ಹಗಲೂ ರಾತ್ರಿ ಓಡುತ್ತದೆ. ಒಂದೇ ಮೆಟ್ಟಿಲು ಹಂಚಿಕೊಂಡಿರುವ ನಮ್ಮ ಇಪ್ಪತ್ತು ಮನೆಗಳ ಫೋಟೋ, ಚರ್ಚಿನ ಗಾಯನ ತಂಡದ ಹಾಡುಗಳು, ಯಾರ್‍ಯಾರದೋ ಅಡುಗೆ ಬರಹ, ಎಲ್ಲ ಅದರಲ್ಲಿ. "ಎಲ್ಲೋ ಇರೋ ಕಂಪನಿಗೆ ಯಾಕೆ ಕೊಡ್ತೀರಿ? ನನ್ನ ಹತ್ರ ಕೊಡಿ" ಎಂದು ನಾನೇ ಮನೆಮನೆಗೂ ಹೇಳಿಕೊಂಡು ಬಂದವನು. ಯಾವ ಕೆಲಸಕ್ಕೆ ಯಾವ ಆ್ಯಪ್ ಎಂದು ಆರಿಸುವುದರಲ್ಲಿ ನನಗೆ ಎಂಥ ಖುಷಿ ಅಂದರೆ, ಕಥೆಗಳಿಗಾಗಿ ಮೂರು ಆ್ಯಪ್ ಹಾಕಿ ನೋಡಿದ್ದೆ. ಒಂದು ನನ್ನ ಮುದಿ ಯಂತ್ರಕ್ಕೆ ಭಾರವಾಯಿತು. ಇನ್ನೊಂದಕ್ಕೆ ನಮ್ಮ ಭಾಷೆ ಬರುತ್ತಿರಲಿಲ್ಲ. ಮೂರನೆಯದು ನೋಡಲು ಚಂದವಿತ್ತು. ಅದನ್ನೇ ಉಳಿಸಿಕೊಂಡೆ.

ಪತ್ರು ಮೂವತ್ತು ವರ್ಷ ಟ್ರಾಮ್ ಓಡಿಸಿದವನು, ನನ್ನ ಗೆಳೆಯ. ಮೇ ತಿಂಗಳಲ್ಲಿ ಗಂಟಲಿನ ಕ್ಯಾನ್ಸರ್ ಎಂದು ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅದಕ್ಕೂ ಮುಂಚಿನ ಮೂರು ವಾರ ಅವನು ಅಡುಗೆಮನೆಯಲ್ಲಿ ಕೂತು ಮೊಮ್ಮಗಳಿಗಾಗಿ ನಲವತ್ತೊಂದು ಕಥೆ ಹೇಳಿ ಫೋನಿನಲ್ಲಿ ತುಂಬಿಸಿದ. ಎಲ್ಲವೂ ಅವನೇ ಕಟ್ಟಿದ್ದು, ಟ್ರಾಮ್ ಹತ್ತಿ ಊರು ಸುತ್ತುವ ಕೊಕ್ಕರೆಯ ಕಥೆಗಳು. ಅವನ ದನಿ ಎಂದು ಈ ಲೋಕದಲ್ಲಿ ಉಳಿದದ್ದು ಅಷ್ಟೇ. ಅವನ ಫೋನು ತುಂಬಿಹೋಗಿತ್ತು. ಕಥೆಗಳನ್ನು ನನ್ನ ಪೆಟ್ಟಿಗೆಗೆ ಹಾಕಿಕೊಂಡು ಫೋನಿನಿಂದ ಅಳಿಸಿದ್ದು ನನ್ನ ಕೈ.

"ಭದ್ರವಾಗಿದೆ ಬಿಡು" ಎಂದಿದ್ದೆ.

* * *

ವೇತಾ ನಿಂತೇ ಇದ್ದಳು. ನಾನು ಹುಡುಕಿದೆ. ಕಥೆಗಳು ಇರಲಿಲ್ಲ. ಪ್ರತಿ ದಿನ ತಾನಾಗಿಯೇ ಆಗುವ ಕಾಪಿಯನ್ನು ತೆರೆದೆ. ಅದರಲ್ಲೂ ಇರಲಿಲ್ಲ. ಯಂತ್ರದೊಳಗೆ ಯಾರು ಯಾವಾಗ ಬಂದರು ಎಂಬ ಪಟ್ಟಿ ತೆಗೆದೆ. ಆ ಭಾನುವಾರ ಒಬ್ಬನೇ ಬಂದಿದ್ದ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ. ಬೆನಿಯಾಮಿನ್.

ಬೆನಿಯಾಮಿನ್ ಮೊದಲ ಮಹಡಿಯವನು. ನಲವತ್ತು ವರ್ಷದವನು, ಕೃತಕ ಹಲ್ಲು ಮಾಡುವ ಕೆಲಸ. ಯಂತ್ರ ಕೂರಿಸುವಾಗ ನೆರವಾಗಿದ್ದ, ಹಾಗಾಗಿ ಒಳಗೆ ಬರುವ ಪಾಸ್‌ವರ್ಡ್ ನನ್ನನ್ನು ಬಿಟ್ಟರೆ ಅವನೊಬ್ಬನಿಗೆ ಗೊತ್ತು. ಅವನು ಅಡ್ವೆಂಟಿಸ್ಟ್ ಪಂಗಡದವನು, ಅವರ ಪ್ರಾರ್ಥನೆ ಶನಿವಾರ. ಭಾನುವಾರ ಹತ್ತರಿಂದ ಹನ್ನೆರಡರವರೆಗೆ ನಾವೆಲ್ಲ ಚರ್ಚಿನಲ್ಲಿರುವಾಗ ಇಡೀ ಮೆಟ್ಟಿಲಿನಲ್ಲಿ ಮನೆಯಲ್ಲಿರುವವನು ಅವನೊಬ್ಬನೇ.

"ಇನ್ಯಾರು ಮತ್ತೆ?" ಎಂದೆ ವೇತಾಗೆ. "ನಾವೆಲ್ಲ ಕೈ ಮುಗಿದು ನಿಂತಿದ್ವಿ. ಇವನು ಇಲ್ಲಿ ಕೈಯಾಡಿಸ್ತಿದ್ದ."

ಅಷ್ಟು ಸಾಕಾಯಿತು. ಎಂಟು ಗಂಟೆಯೊಳಗೆ ನನ್ನ ಮಾತು ನೆಲಮಹಡಿ ಮುಟ್ಟಿತ್ತು. ನಾನು ಅವನ ಬಾಗಿಲಿಗೆ ಹೋಗಿ ಪಟ್ಟಿಯನ್ನು ಮುಖಕ್ಕೆ ಹಿಡಿದೆ.

"ಇದು ನೀನು ತಾನೇ?"

"ನಾನೇ."

"ಏನು ಮಾಡ್ತಿದ್ದೆ?"

ಅವನು ನನ್ನನ್ನೂ, ನನ್ನ ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದ ಏಳೆಂಟು ಮುಖಗಳನ್ನೂ ನೋಡಿದ.

"ಕಳ್ಳ ಅಂತ ತೀರ್ಮಾನ ಮಾಡ್ಕೊಂಡೇ ಬಂದಿದ್ದೀರಲ್ಲ ಸೆವೆರಣ್ಣ. ಇನ್ನು ಕೇಳೋದೇನಿದೆ?" ಎಂದು ಬಾಗಿಲು ಹಾಕಿಕೊಂಡ.

* * *

ಸೋಮವಾರ ಬೆಳಿಗ್ಗೆ ಪತ್ರು ಮೂರನೆಯ ಮಹಡಿಗೆ ಹೋದ. ಅಲ್ಲಿರುವುದು ಹೊರ್ತೆನ್ಸಿಯಾ. ಇಪ್ಪತ್ತೆಂಟು ವರ್ಷ ಪೊಲೀಸಿನ ಅಪರಾಧ ವಿಭಾಗದಲ್ಲಿದ್ದ ಹೆಂಗಸು. ನಾವೆಲ್ಲ ಅವಳನ್ನು ಕರೆಯುವುದೇ ಇನ್‌ಸ್ಪೆಕ್ಟ್ರಮ್ಮ ಎಂದು. ಪತ್ರು ಕೊರಳಿಗೆ ನೇತುಹಾಕಿಕೊಳ್ಳುವ ಪುಟ್ಟ ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದನಂತೆ: "ಬೆನಿಯಾಮಿನ್ ಅಲ್ಲ. ಯಾರು ಅಂತ ನೀವು ಕಂಡುಹಿಡೀರಿ."

ಅವಳು ನೆಟ್ಟಗೆ ನನ್ನ ಉಗ್ರಾಣಕ್ಕೆ ಬಂದಳು. ಕಂಪ್ಯೂಟರೆಂದರೆ ಅವಳಿಗೆ ಏನೇನೂ ಗೊತ್ತಿಲ್ಲ. ಅದೇ ನನಗೆ ಧೈರ್ಯ ಕೊಟ್ಟಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ.

"ಇದೇನಾ ನಿನ್ನ ಅರಮನೆ?" ಎಂದು ಒಂದು ಬಾಟಲಿ ಸರಿಸಿ ಸ್ಟೂಲಿನ ಮೇಲೆ ಕೂತಳು. "ಮಗುವಿಗೆ ಕಾಣಿಸಿದ ಪುಟ ತೋರಿಸು."

ತೋರಿಸಿದೆ.

"ಸ್ವಾಗತ ಅಂತಿದೆ. ಇದು ಯಾವಾಗ ಬರುತ್ತೆ?"

"ಆ್ಯಪ್ ಹೊಸದಾಗಿ ಹಾಕಿದಾಗ."

"ಬೇರೆ ಟೈಮಲ್ಲಿ?"

"ಬರಲ್ಲ."

"ಒಬ್ಬ ಕಥೆ ಅಳಿಸ್ದ ಅಂತಿಟ್ಕೋ. ಆಗ ಇದು ಬರುತ್ತಾ, ಇಲ್ಲಾ ಖಾಲಿ ಪಟ್ಟಿ ಬರುತ್ತಾ?"

"ಖಾಲಿ ಪಟ್ಟಿ ಬರ್ಬೇಕು."

"ಕಳ್ಳ ಕದ್ಕೊಂಡು ಹೋಗ್ತಾ ಮನೆಗೆ ಸುಣ್ಣನೂ ಬಳಿದು ಹೋದ್ನಾ?"

ನಾನು ಮಾತಾಡತೊಡಗಿದೆ. ಬೆನಿಯಾಮಿನ್ ಬಲು ಚಾಲಾಕಿ, ಗುರುತು ಸಿಗಬಾರದೆಂದು ಹಾಗೆ ಮಾಡಿರಬೇಕು, ಆ್ಯಪ್ ಆರಿಸುವಾಗ ನನ್ನ ಜೊತೆ ಜಗಳ ಮಾಡಿದ್ದ, ಆ ಸೇಡಿರಬೇಕು ಎಂದೆಲ್ಲ. ನಾನು ಒಂದನ್ನು ಬಿಟ್ಟು ಎಲ್ಲ ಹೇಳಿದೆ. ಆ ಒಂದು ಮಾತು ಸೆಪ್ಟೆಂಬರಿನಲ್ಲಿ ಲಿಫ್ಟಿನೊಳಗೆ ನಡೆದದ್ದು. ಅದು ಭಾನುವಾರದಿಂದ ನನ್ನ ಎದೆಯಲ್ಲಿ ಕೂತಿತ್ತು.

ಅವಳು ಹೋದ ಮೇಲೆ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ತೆರೆದು ನೋಡಬೇಕಾದ ಒಂದು ಫೈಲಿತ್ತು. ಅದರಲ್ಲಿ ನಾನೇ ಬರೆದ ಹತ್ತು ಹನ್ನೆರಡು ಸಾಲುಗಳಿದ್ದವು. ತೆರೆಯಲಿಲ್ಲ. ತೆರೆದರೆ ಏನು ಕಾಣುತ್ತದೆ ಎಂಬ ಅನುಮಾನ ಆಗಲೇ ಬಂದಿತ್ತು.

* * *

ಮಂಗಳವಾರ ಬೆನಿಯಾಮಿನ್ ಬ್ರೆಡ್ಡಿನ ಚೀಲ ಹಿಡಿದು ಮೆಟ್ಟಿಲು ಹತ್ತುವಾಗ ನೆಲಮಹಡಿಯ ಹೆಂಗಸರು ಮಾತು ನಿಲ್ಲಿಸಿ ಗೋಡೆ ನೋಡಿದರು. ನಾನೂ ಅಲ್ಲೇ ಇದ್ದೆ. ನಾನೂ ಗೋಡೆ ನೋಡಿದೆ. ಹನ್ನೊಂದು ವರ್ಷದಿಂದ ಇದೇ ಮೆಟ್ಟಿಲಿನಲ್ಲಿದ್ದವನು, ಅವತ್ತು ಸಂಜೆ ಬಾಡಿಗೆ ಮನೆಗಳ ಜಾಹೀರಾತು ನೋಡುತ್ತಿದ್ದನಂತೆ. ಒಂದು ಮಾತು ಆಡಿದ್ದರೆ ಅವನನ್ನು ಉಳಿಸಬಹುದಿತ್ತು. ನಾನು ಆಡಲಿಲ್ಲ.

ಇನ್‌ಸ್ಪೆಕ್ಟ್ರಮ್ಮ ಮತ್ತೆ ಬಂದಳು.

"ಕಥೆಗಳದ್ದು ದಿನಾ ಕಾಪಿ ಆಗುತ್ತೆ ಅಂದ್ಯಲ್ಲ. ಅವುಗಳ ಗಾತ್ರ ತೋರಿಸು. ಏಪ್ರಿಲ್‌ನಿಂದ."

ತೋರಿಸಿದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೂ ಒಂದೇ ಅಂಕೆ.

"ಮೇನಲ್ಲಿ ನಲವತ್ತೊಂದು ಕಥೆ ಸೇರ್ತು. ಇದು ಒಂದು ಗುಲಗಂಜಿಯಷ್ಟೂ ದಪ್ಪ ಆಗಿಲ್ವಲ್ಲೋ. ನೀನು ನೋಡ್ಲಿಲ್ವಾ?"

"ಬೆಳಿಗ್ಗೆ ಹಸಿರು ಗುರುತು ಬರ್ತಿತ್ತು. ಸರಿಯಾಗಿದೆ ಅಂದ್ಕೊಂಡು ಕಾಫಿ ಕುಡೀತಿದ್ದೆ."

"ಇನ್ನೊಂದು. ನೀನು ಎಲ್ರಿಗೂ ತೋರಿಸಿದ್ದು ಬಾಗಿಲಿಂದ ಬಂದವರ ಪಟ್ಟಿ. ಒಳಗೇ ಇರೋರಿಗೆ ಬಾಗಿಲು ಬೇಕಾಗಲ್ಲ. ಭಾನುವಾರ ಒಳಗೆ ಏನೇನು ನಡೀತು, ಅದರ ಪಟ್ಟಿ ಬೇಕು. ಪೂರ್ತಿ."

ಮುದ್ರಿಸಿ ಕೊಟ್ಟೆ. ಕೊಡುವಾಗ ಅದರತ್ತ ನೋಡಲಿಲ್ಲ.

* * *

ಬುಧವಾರ ಮಧ್ಯಾಹ್ನ ಪತ್ರುವಿನ ಮನೆಯಲ್ಲಿ ಐವರು ಕೂತೆವು. ಪತ್ರು, ವೇತಾ, ಇನ್‌ಸ್ಪೆಕ್ಟ್ರಮ್ಮ, ನಾನು, ಬೆನಿಯಾಮಿನ್. ಅವನನ್ನು ಇನ್‌ಸ್ಪೆಕ್ಟ್ರಮ್ಮನೇ ಕೈ ಹಿಡಿದು ಕರೆತಂದಿದ್ದಳು. ವೇತಾ ರಾಕಿ ಸಾರಾಯಿಯ ಲೋಟಗಳನ್ನು ಇಟ್ಟಳು. ಯಾರೂ ಮುಟ್ಟಲಿಲ್ಲ.

"ಸೆವೆರ್, ಈ ಆ್ಯಪ್‌ಗಳು ಹೇಗೆ ಓಡ್ತವೆ ಅಂತ ವೇತಾಗೆ ಅರ್ಥ ಆಗೋ ಹಾಗೆ ಹೇಳು."

"ಒಂದೊಂದೂ ಒಂದೊಂದು ಮುಚ್ಚಿದ ಡಬ್ಬಿಯೊಳಗೆ ಓಡುತ್ತೆ. ಹೊಸ ಆವೃತ್ತಿ ಬಂದ್ರೆ ಹಳೇ ಡಬ್ಬಿ ಎಸೆದು ಹೊಸ ಡಬ್ಬಿ ಇಡೋದು."

"ಹಳೇ ಡಬ್ಬಿಯೊಳಗಿದ್ದ ಸಾಮಾನು?"

"ಉಳೀಬೇಕಾದ್ದನ್ನ ಡಬ್ಬಿಯಲ್ಲಿ ಇಡಲ್ಲ. ಹೊರಗೆ ಕಪಾಟಿನಲ್ಲಿ ಇಡ್ಬೇಕು. ಯಾವ ಕಪಾಟು ಅಂತ ಹಾಕುವಾಗಲೇ ಒಂದು ಸಾಲು ಬರೀಬೇಕು."

"ಯಾರು ಬರೆದದ್ದು?"

"ನಾನು."

ಅವಳು ಕಾಗದ ಬಿಡಿಸಿದಳು. "ಭಾನುವಾರ ಹತ್ತು ಗಂಟೆ ಐದು ನಿಮಿಷ. ಕಥೆಯ ಆ್ಯಪ್‌ಗೆ ಹೊಸ ಆವೃತ್ತಿ. ಹಳೇ ಡಬ್ಬಿ ವಿಲೇವಾರಿ. ಇದನ್ನ ಮಾಡಿದ್ದು ಮನುಷ್ಯ ಅಲ್ಲ, ತಾನಾಗಿಯೇ ನಡೆಯೋ ಏರ್ಪಾಡು. ಹೋದ ಗುರುವಾರ ನೀನು ಕೂರಿಸಿದ್ದು. ಭಾನುವಾರ ಹತ್ತು ಗಂಟೆಗೆ ಅಂತ ಸಮಯ ಇಟ್ಟಿದ್ದು ಯಾಕೆ ಸೆವೆರ್?"

"ಎಲ್ರೂ ಚರ್ಚಿನಲ್ಲಿರ್ತಾರೆ. ಯಾರಿಗೂ ತೊಂದರೆ ಆಗಲ್ಲ ಅಂತ."

"ಬೆನಿಯಾಮಿನ್ ಬಂದದ್ದು ಹತ್ತು ಇಪ್ಪತ್ತಕ್ಕೆ. ಅಷ್ಟರಲ್ಲಿ ಕಥೆ ಹೋಗಿ ಕಾಲು ಗಂಟೆ ಆಗಿತ್ತು. ಹೋದ ಮೇಲೆ ಕದಿಯೋಕೆ ಏನಿದೆ? ಕಾಪಿಗಳು ಆರು ತಿಂಗಳು ಒಂದೇ ಗಾತ್ರ ಯಾಕೆ? ಖಾಲಿ ಕಪಾಟನ್ನ ದಿನಾ ನಿಯತ್ತಾಗಿ ಕಾಪಿ ಮಾಡ್ತಿತ್ತು. ಕಥೆಗಳು ಒಂದು ದಿನವೂ ಕಪಾಟಿಗೆ ಬಂದೇ ಇಲ್ಲ. ಡಬ್ಬಿಯಲ್ಲೇ ಇದ್ವು." ಅವಳು ನನ್ನತ್ತ ತಿರುಗಿದಳು. "ಆ ಸಾಲು ತೆರೆದು ನೋಡಿದ್ಯಾ?"

"ಇವತ್ತು ಬೆಳಿಗ್ಗೆ ನೋಡ್ದೆ. ಎರಡನೇ ಆ್ಯಪ್‌ಗೆ ಬರೆದದ್ದನ್ನೇ ಮೂರನೇದಕ್ಕೂ ನಕಲು ಮಾಡಿದ್ದೆ. ಕಪಾಟಿನ ಹೆಸರು ಸರಿಯಿತ್ತು. ಡಬ್ಬಿಯೊಳಗೆ ಯಾವ ಜಾಗದ ಸಾಮಾನು ಕಪಾಟಿಗೆ ಹೋಗ್ಬೇಕು ಅನ್ನೋದು ಮಾತ್ರ ಹಳೇ ಆ್ಯಪಿನದು. ಬದಲಾಯಿಸೋದು ಮರೆತೆ."

ವೇತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪತ್ರು ಮೇಜನ್ನು ನೋಡುತ್ತಿದ್ದ.

"ಮರೆವು ಯಾರಿಗಾದ್ರೂ ಬರುತ್ತೆ" ಎಂದಳು ಇನ್‌ಸ್ಪೆಕ್ಟ್ರಮ್ಮ. "ನಂಗೆ ಅನುಮಾನ ಬಂದದ್ದು ಬೇರೇದಕ್ಕೆ. ನನ್ನ ನೌಕರಿಯಲ್ಲಿ ನೋಡಿದ್ದೀನಿ, ಸುಳ್ಳು ಆರೋಪ ಹೊತ್ತವನು ಬಾಯಿ ಮುಚ್ಕೊಂಡು ಕೂತ್ರೆ ಅವನಿಗೆ ಬೇಜಾರಾಗಿದೆ ಅಂತ. ಆರೋಪ ಹೊರಿಸ್ದವನು ಎರಡು ದಿನ ಬಿಡದೆ ಮಾತಾಡಿದ್ರೆ ಏನೋ ಮುಚ್ಚಿಟ್ಟಿದ್ದಾನೆ ಅಂತ. ಏನು ಮುಚ್ಚಿಟ್ಟೆ ಸೆವೆರ್?"

ಅಲ್ಲಿಯವರೆಗಿನದನ್ನು ಕಾಗದವೇ ಹೇಳಿತ್ತು. ಇದಕ್ಕೆ ಸಾಕ್ಷಿ ಇರಲಿಲ್ಲ. ಸುಮ್ಮನಿದ್ದಿದ್ದರೆ ಬೆನಿಯಾಮಿನ್ ಕೂಡ ಹೇಳುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೆ ಪತ್ರು ತಲೆ ಎತ್ತಿ ನನ್ನನ್ನು ನೋಡಿದ.

"ಸೆಪ್ಟೆಂಬರಿನಲ್ಲಿ ಬೆನಿಯಾಮಿನ್ ಹೇಳಿದ್ದ" ಎಂದೆ. "ಲಿಫ್ಟಲ್ಲಿ. ಕಥೆಗಳು ಕಪಾಟಿನಲ್ಲಿ ಕಾಣ್ತಿಲ್ಲ, ಎಲ್ಲಿ ಹೋಗಿ ಕೂತಿವೆ ಒಮ್ಮೆ ನೋಡಿ ಅಂದ. ನಾನು, ನೀನು ಹಲ್ಲು ನೋಡ್ಕೋ, ನನ್ನ ಪೆಟ್ಟಿಗೆ ತಂಟೆಗೆ ಬರ್ಬೇಡ ಅಂದೆ. ಭಾನುವಾರ ಅವನ ಹೆಸರು ಕಂಡ ತಕ್ಷಣ ಮೊದಲು ನೆನಪಾದದ್ದೇ ಅದು. ಅದಕ್ಕೇ ಅಷ್ಟು ಜೋರಾಗಿ ಕೂಗಿದ್ದು."

ಹೇಳಿ ಮುಗಿಸಿದಾಗ ಹಗುರವಾಗಲಿಲ್ಲ. ಹಗುರವಾಗುತ್ತದೆ ಎನ್ನುವವರ ಮಾತು ನಾನು ಇನ್ನು ನಂಬುವುದಿಲ್ಲ.

"ಭಾನುವಾರ ನೀನು ಒಳಗೆ ಹೋದದ್ದು ಯಾಕಪ್ಪಾ?" ಎಂದು ವೇತಾ ಬೆನಿಯಾಮಿನ್‌ನನ್ನು ಕೇಳಿದಳು.

ಅಲ್ಲಿಗೆ ಬಂದ ಮೇಲೆ ಅವನು ಮೊದಲ ಸಲ ಬಾಯಿ ಬಿಟ್ಟ. "ಭಾನುವಾರ ಹಲ್ಲಿನ ಅಚ್ಚು ತಿದ್ದುತ್ತಾ ಪತ್ರು ಮಾವನ ಕಥೆ ಹಾಕ್ಕೊಂಡು ಕೇಳ್ತೀನಿ ವೇತಮ್ಮ. ಮಾವನೇ ಕೇಳು ಅಂದಿದ್ರು. ಅವತ್ತು ಸ್ವಾಗತ ಅಂತ ಬಂತು. ಗಾಬರಿಯಾಗಿ ಒಳಗೆ ಹೋದೆ, ಹಳೇ ಡಬ್ಬಿ ಸಿಗುತ್ತೇನೋ ಅಂತ. ಸಿಗ್ಲಿಲ್ಲ. ಮಧ್ಯಾಹ್ನ ಸೆವೆರಣ್ಣನ ಬಾಗಿಲು ಬಡಿದೆ. ಅವರು ತಂಗಿ ಮನೆಗೆ ಊಟಕ್ಕೆ ಹೋಗಿದ್ರು. ನಾನೇ ಒಂದು ಕಾಪಿ ಇಟ್ಕೋಬಹುದಿತ್ತು. ಬೇರೆಯವರ ದನಿ, ಕೇಳ್ದೆ ಹೇಗೆ ತಗೊಳ್ಳೋದು ಅಂತ ಬಿಟ್ಟೆ."

ನಾನು ಎದ್ದು ನಿಂತು ಅವನ ಕ್ಷಮೆ ಕೇಳಿದೆ. ಅವನು ತಲೆಯಾಡಿಸಿದ. ಆಗಲಿ ಎಂದೋ, ಬೇಡ ಎಂದೋ ತಿಳಿಯಲಿಲ್ಲ. ಆ ಸಂಜೆ ಇಪ್ಪತ್ತು ಬಾಗಿಲುಗಳನ್ನೂ ತಟ್ಟಿ, ತಪ್ಪು ನನ್ನದು, ಅವನದಲ್ಲ ಎಂದು ಹೇಳಿಬಂದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಮೂರು ದಿನ ಡಿಸ್ಕನ್ನು ಜಾಲಾಡಿದೆ. ಅಳಿದದ್ದನ್ನು ಹೆಕ್ಕುವ ಸಾಧನಗಳೆಲ್ಲ ಮುಗಿದವು. ಒಂದು ಪದವೂ ಸಿಗಲಿಲ್ಲ.

* * *

ಮುಂದಿನ ಭಾನುವಾರ ನಾನು ಚರ್ಚಿಗೆ ಹೋಗಲಿಲ್ಲ. ಹೊರಗೇ ಒಂದಷ್ಟು ತಿರುಗಾಡಿ ಸಂಜೆ ಪತ್ರುವಿನ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಬೆನಿಯಾಮಿನ್ ಮೇಜಿನ ಬಳಿ ಕೂತಿದ್ದ. ಪತ್ರು ಶಾಲೆ ಮಕ್ಕಳ ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಅರ್ಧದಷ್ಟು ಹಾಳೆ ಆಗಲೇ ತುಂಬಿತ್ತು.

"ಅಲ್ಲಲ್ಲ ಮಾವ, ಕೊಕ್ಕರೆ ಇಳಿದದ್ದು ರೈಲು ನಿಲ್ದಾಣದಲ್ಲಿ ಅಲ್ಲ, ಸೇತುವೆ ಹತ್ರ" ಎನ್ನುತ್ತಿದ್ದ ಬೆನಿಯಾಮಿನ್. "ಟಿಕೆಟ್ ಇಲ್ಲ ಅಂತ ಕಂಡಕ್ಟರ್ ಇಳಿಸ್ತಾನೆ. ಅಲ್ಲಿ ನೀವು ಕೆಮ್ಮಿ ನಗ್ತೀರಿ." ಪತ್ರು ಹೌದೆಂದು ತಲೆಯಾಡಿಸಿ ಆ ಸಾಲು ಹೊಡೆದು ಮತ್ತೆ ಬರೆದ.

ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಯಾರೂ ಎದ್ದು ಹೋಗು ಎನ್ನಲಿಲ್ಲ.

ಏಳು ಗಂಟೆಗೆ ಸ್ಪೇನಿನಿಂದ ಕರೆ ಬಂತು. ಇಲಿಂಕಾಳ ಮುಖ ಕಂಡಿತು. "ತಾತಾ, ಕಥೆ!"

ಪತ್ರು ನೋಟ್‌ಬುಕ್ ಮುಚ್ಚಿ ಕೈಯಲ್ಲಿ ಹಿಡಿದು ಎದ್ದ. ನಾನು ಫೋನಿಗೆ ಹತ್ತಿರವಿದ್ದೆ. ನಲವತ್ತು ವರ್ಷಗಳ ಗೆಳೆತನ, ಅವನು ಮಾತಾಡುತ್ತಿದ್ದ ರೀತಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದುಕೊಂಡೆ. ನನಗೆ ತಿಳಿಯದೆಯೇ, ಓದಿ ಹೇಳಲೆಂದು ನೋಟ್‌ಬುಕ್ಕಿಗೆ ಕೈ ಚಾಚಿದೆ.

ಪತ್ರು ನನ್ನ ಕೈಯನ್ನು ನೋಡಿದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ. ನೋಟ್‌ಬುಕ್ಕನ್ನು ನನ್ನ ಕೈಯ ಮೇಲಿಂದ ದಾಟಿಸಿ ಬೆನಿಯಾಮಿನ್‌ಗೆ ಕೊಟ್ಟ.