ಸುರಗಿ ಬಿಯರಿನ ಎಂಟನೇ ಲೋಟ

ಗುರುಪ್ರಕಾಶ್ ಕುರ್ಚಿಯಿಂದ ಜಾರಿ ಬಿದ್ದಾಗ ಅವನ ಲೋಟದಲ್ಲಿ ಇನ್ನೂ ಎರಡು ಗುಟುಕು ಬಿಯರ್ ಉಳಿದಿತ್ತು. ಅದರ ಮೇಲೊಂದು ಸುರಗಿ ಹೂ ತೇಲುತ್ತಿತ್ತು.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯಲ್ಲಿ ಹಳೆಯ ಅಕ್ಕಿ ಗಿರಣಿಯೊಂದನ್ನು ಕೊಂಡು, ಅದರಲ್ಲಿ ಬಿಯರ್ ತಯಾರಿಸಲು ಶುರುಮಾಡಿ ಅವನಿಗೆ ಮೂರು ವರ್ಷವಾಗಿತ್ತು. ಆ ಶನಿವಾರ ಮಧ್ಯಾಹ್ನ ಹೊಸ ಸುರಗಿ ಬಿಯರಿನ ರುಚಿ ನೋಡಲು ಏಳು ಮಂದಿ ಅತಿಥಿಗಳು ಬಂದಿದ್ದರು. ಎಂಟೂ ಜನ ಕುಡಿದದ್ದು ಒಂದೇ ಪೀಪಾಯಿಯಿಂದ. ಏಳು ಮಂದಿಗೆ ಏನೂ ಆಗಲಿಲ್ಲ. ಗುರುಪ್ರಕಾಶ್ ಮಾತ್ರ ಗಂಟೆಯೊಳಗೆ ವಾಂತಿ ಮಾಡಿಕೊಂಡು ಬಿದ್ದ. ಶಿವಮೊಗ್ಗ ಮುಟ್ಟುವ ಮುನ್ನವೇ ಅವನ ಎದೆಬಡಿತ ನಿಂತಿತ್ತು.

ತನಿಖೆ ಸಬ್ ಇನ್ಸ್‌ಪೆಕ್ಟರ್ ಕ್ಷಮಾಳ ಪಾಲಿಗೆ ಬಂತು. ಹೊಸಬಾಳೆಯಲ್ಲಿ ಹುಟ್ಟಿ ಬೆಳೆದವಳು. ಕಡಿಮೆ ಮಾತು, ಹೆಚ್ಚು ನೋಟ. ಅವಳು ಕೇಳುವ ಮೊದಲೇ ಎಲ್ಲರ ಬೆರಳೂ ಒಬ್ಬನ ಕಡೆಗೆ ತಿರುಗಿತ್ತು. ಅವನು ಯತೀಶ. ಕ್ಯಾಸನೂರು ಕಡೆಯ ಕಾಡಿನಿಂದ ಸುರಗಿ ಹೂ ತಂದುಕೊಡುವವನು. ಬಿಯರ್ ತುಂಬಿದ ಎಂಟೂ ಲೋಟಗಳಿಗೆ ಕೈಯಾರೆ ಒಂದೊಂದು ಹೂ ಹಾಕಿದ್ದವನು ಅವನೇ. ಕಾಡಿನ ಯಾವ ಕಾಯಿ ಏನು ಮಾಡುತ್ತದೆಂದು ಬಲ್ಲವನು. ಮೇಲಾಗಿ ತಿಂಗಳ ಹಿಂದೆ ಗುರುಪ್ರಕಾಶನೊಡನೆ ಜೋರು ಜಗಳವಾಡಿದ್ದ. ಇನ್ನೇನು ಬೇಕು? ಮೇಲಧಿಕಾರಿ ಪರಮಶಿವಪ್ಪ ಆ ಸಂಜೆಯೇ ಅವನನ್ನು ಬಂಧಿಸಲು ಹೇಳಿದರು.

ಜಗಳ ಯಾಕಾಯಿತೆಂದು ಕ್ಷಮಾ ಕೇಳಿದಳು.

"ಈ ವರ್ಷ ಕಾಡಿಗೆ ಹೋಗಲ್ಲ ಅಂದೆ. ಸಿಟ್ಟು ಮಾಡಿದ್ರು. ಕೊನೆಗೆ ಹೋದೆ."

"ಯಾಕೆ ಹೋಗಲ್ಲ ಅಂದ್ರಿ?"

ಯತೀಶ ಗೋಡೆಯ ಕಡೆಗೆ ಮುಖ ತಿರುಗಿಸಿದ. ಆಮೇಲೆ ಯಾವ ಪ್ರಶ್ನೆಗೂ ಅವನು ಬಾಯಿ ಬಿಡಲಿಲ್ಲ. ನಿರಪರಾಧಿಯಾದರೆ ಹಾಗನ್ನಬೇಕಲ್ಲ? ಅದನ್ನೂ ಅವನು ಅನ್ನಲಿಲ್ಲ. ಆ ಮೌನ ಕ್ಷಮಾಳನ್ನು ಮನೆಯವರೆಗೂ ಹಿಂಬಾಲಿಸಿತು.

ಹತ್ತನೇ ದಿನ ಪ್ರಯೋಗಾಲಯದ ವರದಿ ಬಂತು. ಲೋಟದ ತಳದಲ್ಲಿ, ಸತ್ತವನ ಹೊಟ್ಟೆಯಲ್ಲಿ ಕಣಗಿಲೆ ಬೀಜದ ವಿಷ. ಪೀಪಾಯಿಯಲ್ಲಿ ಏನೂ ಇಲ್ಲ. ಪರಮಶಿವಪ್ಪನವರಿಗೆ ಅಷ್ಟೇ ಸಾಕಾಗಿತ್ತು.

ಕ್ಷಮಾಳಿಗೆ ಸಾಕಾಗಲಿಲ್ಲ. ಮರುದಿನ ಬೆಳಿಗ್ಗೆ ಗಿರಣಿಗೆ ಹೋದಳು. ಬಿಯರ್ ತಯಾರಿಸುವ ವಿಭಾ ಬೀಗ ತೆಗೆದಳು. ಅಡುಗೆ, ಪಾತ್ರೆ ನೋಡಿಕೊಳ್ಳುವ ಶೇಷಮ್ಮ ಮೇಜು ಒರೆಸುತ್ತಿದ್ದರು. ಐವತ್ತು ದಾಟಿದ ಹೆಂಗಸು. ಕಾಲಿನ ಸಪ್ಪಳವೂ ಆಗದಂತೆ ಓಡಾಡುವವರು.

ಆ ದಿನ ವಿಭಾ ಫೋನಿನಲ್ಲಿ ವಿಡಿಯೊ ಮಾಡಿದ್ದಳು. ಕ್ಷಮಾ ಅದನ್ನು ನಾಲ್ಕನೇ ಸಲ ನೋಡಿದಳು. ಸಾಲಾಗಿ ಎಂಟು ಲೋಟ. ಏಳರ ಮೇಲೆ ಎರಡು ಬೆರಳು ದಪ್ಪದ ಬಿಳಿ ನೊರೆ. ಕೊನೆಯದು ಗುರುಪ್ರಕಾಶನದೇ ಆದ ಹಿಡಿಯಿದ್ದ ದೊಡ್ಡ ಲೋಟ. ಅದರಲ್ಲಿ ನೊರೆ ಎದ್ದಿತು — ಎದ್ದಷ್ಟೇ ಬೇಗ ಕುಸಿದು ಇಲ್ಲವಾಯಿತು. ಅದಾದ ಮೇಲೆಯೇ ಹೂ ಹಿಡಿದ ಯತೀಶನ ಕೈ ಕಾಣಿಸಿಕೊಂಡಿತು.

"ವಿಭಾ, ಇದರಲ್ಲಿ ನೊರೆ ಯಾಕೆ ನಿಲ್ಲಲಿಲ್ಲ?"

ವಿಭಾ ಬಗ್ಗಿ ನೋಡಿದಳು. ಅತಿಥಿಗಳ ಗಡಿಬಿಡಿಯಲ್ಲಿ ತಾನು ಗಮನಿಸಿರಲಿಲ್ಲ ಎಂದಳು.

"ಲೋಟದಲ್ಲಿ ಎಣ್ಣೆ ಜಿಡ್ಡಿದ್ರೆ ಹಿಂಗಾಗತ್ತೆ ಮೇಡಂ."

ಕ್ಷಮಾ ಎರಡು ಲೋಟ ತರಿಸಿದಳು. ಒಂದರ ಒಳಗೆ ಅಡುಗೆ ಎಣ್ಣೆ ಸವರಿಸಿದಳು. ಸುರಕ್ಷಿತವೆಂದು ವರದಿ ಬಂದಿದ್ದ ಅದೇ ಪೀಪಾಯಿಯಿಂದ ವಿಭಾ ಎರಡಕ್ಕೂ ಬಿಯರ್ ಬಗ್ಗಿಸಿದಳು. ಒಂದರಲ್ಲಿ ನೊರೆ ನಿಂತಿತು. ಇನ್ನೊಂದರಲ್ಲಿ ಸತ್ತಿತು. ಕ್ಷಮಾ ಜೀವಮಾನದಲ್ಲಿ ಬಿಯರ್ ಮುಟ್ಟಿದವಳಲ್ಲ. ಶುದ್ಧವಾದ ಲೋಟ ಎತ್ತಿ ಒಂದು ಗುಟುಕು ಕುಡಿದಳು. ಮೊದಲು ಬಂದದ್ದು ಪರಿಮಳ. ಅಜ್ಜಿಯ ಮುಡಿಯಲ್ಲಿ ಒಣಗಿದ ಮೇಲೂ ಉಳಿಯುತ್ತಿದ್ದ ಸುರಗಿ ಮಾಲೆಯ ಘಮ. ಹಿಂದೆಯೇ ಕಹಿ. ಗಂಟಲಲ್ಲಿ ಕೂತು ಇಳಿಯದ ಕಹಿ. ಇದರೊಳಗೆ ಇನ್ನೊಂದು ಕಹಿ ಅಡಗಿದರೆ ಯಾರಿಗೆ ತಿಳಿದೀತು?

ಒರೆಸುವ ಬಟ್ಟೆಯ ಸದ್ದು ನಿಂತಿತ್ತು.

"ಕಣಗಿಲೆ ಬೀಜದಲ್ಲಿ ಎಣ್ಣೆ ಅಂಶ ಇದೆ," ಕ್ಷಮಾ ಲೋಟ ಕೆಳಗಿಟ್ಟಳು. "ಯತೀಶನ ಹೂ ಬೀಳೋ ಮೊದಲೇ ನೊರೆ ಸತ್ತಿತ್ತು. ಅಂದ್ರೆ ವಿಷ ಹೂವಿನ ಜೊತೆ ಬರಲಿಲ್ಲ. ಬಿಯರ್ ಬೀಳೋ ಮೊದಲೇ ಲೋಟದಲ್ಲಿತ್ತು. ಹೂ ಬೀಳೋ ಮೊದಲು ಆ ಲೋಟ ಮುಟ್ಟಿದವರು ಇಬ್ಬರೇ. ಬಗ್ಗಿಸಿದ್ದು ವಿಭಾ. ಜಿಡ್ಡು ನೊರೆ ಕೆಡಿಸತ್ತೆ, ಸಿಕ್ಕಿಬೀಳ್ತೀನಿ ಅಂತ ಇವಳಿಗೆ ಗೊತ್ತು. ಇವಳು ಹೀಗೆ ಮಾಡೋದಿಲ್ಲ. ಆ ಲೋಟ ಇರೋ ಕಪಾಟಿನ ಕೀಲಿ ಯಾರ ಹತ್ರ ಇರತ್ತೆ, ಶೇಷಮ್ಮ?"

ಶೇಷಮ್ಮ ಸೊಂಟದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರು.

ಮಿಕ್ಕಿದ್ದನ್ನು ಅವರು ನಿಂತಲ್ಲಿಯೇ, ದನಿ ಏರಿಸದೆ ಹೇಳಿದರು. ಅವರಿಗೆ ಸ್ಪಂದನ ಎಂಬ ಒಬ್ಬಳೇ ಮಗಳಿದ್ದಳು. ಹೋದ ವರ್ಷ ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಮಂಗನ ಕಾಯಿಲೆ ಕಾಣಿಸಿಕೊಂಡು, ಯಾರೂ ಕಾಡಿಗೆ ಕಾಲಿಡಬೇಡಿ ಎಂದು ಊರೂರಲ್ಲಿ ಸಾರಿದ್ದರು. ಬಿಯರಿಗೆ ಹೂ ಬೇಕೇ ಬೇಕೆಂದು ಗುರುಪ್ರಕಾಶ್ ಹಟ ಹಿಡಿದ. ಯತೀಶ ಕೂಲಿಗೆ ಕರೆದ ಐದು ಜನರಲ್ಲಿ ಸ್ಪಂದನಳೂ ಇದ್ದಳು. ಆ ಕಾಯಿಲೆ ಹರಡುವ ಉಣುಗು ಕಚ್ಚಿದ್ದು ಅವಳೊಬ್ಬಳಿಗೆ. ಹನ್ನೊಂದು ದಿನ ಜ್ವರ. ಅವಳು ಹೋದ ನಾಲ್ಕು ತಿಂಗಳಿಗೆ ಶೇಷಮ್ಮ ತಾವಾಗಿಯೇ ಇಲ್ಲಿಗೆ ಬಂದು ಕೆಲಸ ಕೇಳಿದರು. ಯಾರ ತಾಯಿ ಎಂದು ಗುರುಪ್ರಕಾಶ್ ವಿಚಾರಿಸಲೂ ಇಲ್ಲ. ಮತ್ತೆ ಸುರಗಿ ಅರಳುವವರೆಗೆ ಅವನಿಗೆ ದಿನವೂ ಊಟ ಬಡಿಸಿದರು.

"ಯತೀಶ ಜೈಲಿಗೆ ಹೋಗ್ತಿದ್ದ. ನೀವು ಸುಮ್ಮನಿರ್ತಿದ್ರಾ?" ಎಂದಳು ಕ್ಷಮಾ.

ಶೇಷಮ್ಮ ಅವಳನ್ನೇ ನೋಡಿದರು. "ಮತ್ತೆ ಅವನು ಕೈಯಾರೆ ಹೂ ಹಾಕೋ ದಿನಾನೇ ಯಾಕೆ ಆರಿಸ್ಕಂಡೆ ಅಂದ್ಕಂಡ್ರಿ?"



ಸಂಜೆ ಯತೀಶನನ್ನು ಬಿಡುಗಡೆ ಮಾಡುವಾಗ ಕ್ಷಮಾ ನಡೆದದ್ದೆಲ್ಲ ಹೇಳಿದಳು. ಅವನಿಗೆ ಆಶ್ಚರ್ಯವಾಗಲಿಲ್ಲ.

"ನಿಮಗೆ ಅನುಮಾನ ಇತ್ತಾ?"

"ಅವತ್ತೇ ಇತ್ತು."

"ಹೇಳಬಹುದಿತ್ತಲ್ಲ?"

ಯತೀಶ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದವನು ಹಾಗೇ ನಿಂತ. "ಹೋದ ವರ್ಷ ಹೂವಿಗೆ ಹೋಗುವಾಗ ದಾರೀಲಿ ಒಂದು ಮಂಗ ಸತ್ತು ಬಿದ್ದಿತ್ತು ಮೇಡಂ. ಮುಂದೆ ನಡೀತಿದ್ದೋನು ನಾನು. ಹಿಂದೆ ಬರೋ ಸ್ಪಂದನ ಕಂಡ್ರೆ ವಾಪಸ್ ಹೋಗ್ತಾಳೆ ಅಂತ ಅದರ ಮೇಲೆ ಸೊಪ್ಪು ಮುಚ್ಚಿದೆ."