ಕಪ್‌ನ ಹಿಡಿ ಎಡಕ್ಕೆ

ಅವನನ್ನು ಮೊದಲ ಸಲ ಕಂಡಾಗ ನಾನು ಬೈದಿದ್ದೆ.

ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಪರದೇಶಕ್ಕೆ ಬಂದು ಮೂರನೇ ದಿನ. ಯೂನಿವರ್ಸಿಟಿಯ ಕೆಳಮಹಡಿಯಲ್ಲೇ ಒಂದು ರೆಸ್ಟೋರೆಂಟ್. ಬೇಯಿಸುವವರು, ಬಡಿಸುವವರು, ಸರದಿಯಂತೆ ಕೂತು ತಿನ್ನುವವರು, ಎಲ್ಲರೂ ವಿದ್ಯಾರ್ಥಿಗಳೇ. ಅದು ಗೊತ್ತಿಲ್ಲದ ನಾನು ಗತ್ತಿನಿಂದ ಇಂಗ್ಲಿಷಿನಲ್ಲಿ ಟೀ ಕೇಳಿದೆ. ವೇಟರ್ ತಂದ. ಅರ್ಧ ಟೀ ಸಾಸರಿನಲ್ಲಿತ್ತು.

"ನಿಂತಿರೋದು ನೋಡು, ಇಂಗು ತಿಂದ ಮಂಗನ ಹಾಗೆ," ಎಂದು ನನ್ನಷ್ಟಕ್ಕೆ ಗೊಣಗಿದೆ.

"ಇಂಗು ಖಾಲಿ ಮೇಡಂ. ಸಕ್ಕರೆ ತರ್ಲಾ?"

ಅಪ್ಪಟ ಕನ್ನಡ! ನಾಚಿಕೆಯಾಗುವ ಮೊದಲೇ ನನ್ನ ಕಣ್ಣಲ್ಲಿ ನೀರಾಡಿತು. ಮೂರು ದಿನದಿಂದ ಕನ್ನಡ ಕಿವಿಗೆ ಬಿದ್ದಿರಲಿಲ್ಲ.

ಅವನೂ ನನ್ನ ಕ್ಲಾಸಿನವನೇ. ಅಂದಿನಿಂದ ಅವನಿಗೆ ನಾನು 'ಗೆಸ್ಟ್ ಮೇಡಂ', ನನಗೆ ಅವನು 'ಇಂಗು ಸಾಹೇಬ್ರು'.

"ನನ್ನ ಕೈಗೆ ತಟ್ಟೆ ಕೊಟ್ರೆ ತಟ್ಟೇನೇ ಹೆದರಿ ಓಡುತ್ತೆ ಅಂತಾರೆ ನಮ್ಮಮ್ಮ. ಪ್ರಾಕ್ಟೀಸ್‌ಗೆ ಗೆಸ್ಟ್ ಆಗಿ ಕೂತ್ಕೋತೀರಾ?" ಎಂದು ಕೇಳಿದ. ಕೂತೆ.

ಅದೇ ರೆಸ್ಟೋರೆಂಟಿನಲ್ಲಿ ದಿನಾ ನನಗಾಗಿ ಕುರ್ಚಿ ಎಳೆದು ಕೊಡುತ್ತಿದ್ದ. ಟೀಗೆ ಅರ್ಧ ಚಮಚ ಸಕ್ಕರೆ ಹಾಕಿ, ಕೆನೆ ತೆಗೆದು, ಕಪ್‌ನ ಹಿಡಿಯನ್ನು ಎಡಕ್ಕೆ ತಿರುಗಿಸಿ ಇಡುತ್ತಿದ್ದ. ನಾನು ಎಡಗೈಯವಳು. ಅದಕ್ಕಾಗಿ ಮನೆಯಲ್ಲಿ ಬೈಸಿಕೊಂಡೇ ಬೆಳೆದೆ. ನನಗೆಂದು ಕಪ್ ತಿರುಗಿಸಿ ಇಟ್ಟವನು ಅವನೊಬ್ಬನೇ.

"ಇದೂ ಪ್ರಾಕ್ಟೀಸಾ?"

"ಮತ್ತೆ? ಪರೀಕ್ಷೆ ದಿನ ನನ್ನ ಬದಲು ನೀವು ಬಂದು ಬಡಿಸ್ತೀರಾ?"

ಹಾಗನ್ನುವಾಗ ಅವನ ಕಣ್ಣು ಕಪ್ ಮೇಲೇ ಇರುತ್ತಿತ್ತು. ಕಿವಿ ಕೆಂಪಾಗುತ್ತಿತ್ತು. ಟೀಯ ಹಬೆಗಿರಬೇಕು ಅಂದುಕೊಂಡೆ. ನಮ್ಮ ಕೋರ್ಸಿನಲ್ಲಿ ನಗುವಿಗೂ ಅಂಕ ಕೊಡುತ್ತಾರೆ. ಇನ್ನು ಯಾರ ನಗುವನ್ನು ನಂಬುವುದು?

ಮೂರನೇ ವರ್ಷದ ಕೊನೆಗೆ ಅಮ್ಮನ ಫೋನ್ ಬಂತು.

"ಅಕ್ಕನ ಮೈದುನ ನಿನ್ನನ್ನೇ ಕೇಳ್ತಿದ್ದಾನೆ ಕಣೇ. ಮನಸ್ಸಲ್ಲಿ ಬೇರೆ ಯಾರಾದ್ರೂ ಇದ್ರೆ ಈಗಲೇ ಬಾಯಿಬಿಡು. ಹೂಂ ಅಂದು ಆಮೇಲೆ ಊಹೂಂ ಅಂದ್ರೆ, ಆ ಮನೇಲಿ ದಿನಾ ಅನ್ನಿಸ್ಕೊಳ್ಳೋಳು ನಿಮ್ಮಕ್ಕ."

"ನಾಳೆ ಹೇಳ್ತೀನಮ್ಮ."

ಮರುದಿನ ಅವನು ಟೀ ಇಟ್ಟ. ಹಿಡಿ ಎಡಕ್ಕಿತ್ತು. ಕೇಳಿಯೇಬಿಟ್ಟೆ. "ಒಂದ್ಸಲ ನಿಜ ಹೇಳಿ. ಇದೆಲ್ಲಾ ಬರೀ ಪ್ರಾಕ್ಟೀಸಾ?"

ಅವನ ಕೈಯಲ್ಲಿದ್ದ ಚಮಚ ನಿಂತಿತು. "ಮತ್ತೇನು ಅಂದ್ಕೊಂಡ್ರಿ?" ಎಂದು ನಕ್ಕ. ಪಾಠದಲ್ಲಿ ಕಲಿಸಿದಂಥ ನಗು, ಹತ್ತಕ್ಕೆ ಹತ್ತು.

ಸಂಜೆ ಅಮ್ಮನಿಗೆ ಫೋನ್ ಮಾಡಿ ಹೂಂ ಅಂದೆ.

ಅದಾದ ಹತ್ತು ದಿನಕ್ಕೆ ಬಡಿಸುವ ಪರೀಕ್ಷೆ. ನಮ್ಮ ಟೀಚರಮ್ಮನದು ಒಂದೇ ಕಟ್ಟುನಿಟ್ಟು. ಎದುರಿಗೆ ಹೆತ್ತ ತಾಯಿಯೇ ಕೂತಿದ್ದರೂ ಮೊದಲ ಸಲ ಕಂಡ ಗೆಸ್ಟ್ ಅನ್ನುವ ಹಾಗೆ ಪ್ರತಿಯೊಂದನ್ನೂ ಕೇಳಿಯೇ ಬಡಿಸಬೇಕು. ಕಪ್‌ನ ಹಿಡಿ ಬಲಕ್ಕೇ ಇರಬೇಕು. ಚೀಟಿ ಎತ್ತಿದಾಗ ಅವನ ಗೆಸ್ಟ್ ಆಗಿ ಬಂದದ್ದು ನನ್ನ ಹೆಸರು.

ಅವನು ಟೀ ತಂದ. ಒಂದು ಹನಿಯೂ ಚೆಲ್ಲಲಿಲ್ಲ. ಕೆನೆ ತೆಗೆದ, ಅರ್ಧ ಚಮಚ ಸಕ್ಕರೆ ಹಾಕಿದ, ಹಿಡಿಯನ್ನು ಎಡಕ್ಕೆ ತಿರುಗಿಸಿ ಇಟ್ಟ. ಒಂದು ಮಾತೂ ಕೇಳಲಿಲ್ಲ.

ಟೀಚರಮ್ಮನ ಪೆನ್ನು ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆಯಿತು. ಫೇಲ್.

ಕಾರಿಡಾರಿನಲ್ಲಿ ಅವನನ್ನು ಹಿಡಿದು ನಿಲ್ಲಿಸಿದೆ. "ಮೂರು ವರ್ಷ ಪ್ರಾಕ್ಟೀಸ್ ಮಾಡಿ, ಸಕ್ಕರೆ ಎಷ್ಟು ಅಂತ ಕೇಳೋಕಾಗ್ಲಿಲ್ವಾ ನಿಮಗೆ?"

"ನಿಮ್ಮನ್ನ ಮೊದಲ ಸಲ ನೋಡಿದ ಹಾಗೆ ನಿಂತ್ಕೊಳ್ಳೋಕಾಗ್ಲಿಲ್ಲ ಕಣ್ರೀ. ಪ್ರಾಕ್ಟೀಸ್ ಮಾಡಿದ್ದು ಮೊದಲನೇ ವಾರ ಮಾತ್ರ."

"ಹಾಗಾದ್ರೆ ಅವತ್ತು ನಾನು ಕೇಳಿದಾಗ?"

"ಹೆದರಿದೆ. ಪಾಸಾಗಿ, ಒಂದು ಕೆಲಸ ಹಿಡಿದು, ಆಮೇಲೆ ಹೇಳೋಣ ಅಂತಿದ್ದೆ."

ಅಮ್ಮನಿಗೆ ಕೊಟ್ಟ ಮಾತನ್ನೂ ಅಕ್ಕನ ವಿಷಯವನ್ನೂ ಹೇಳಿದೆ. ಅವನು ಗೋಡೆಗೊರಗಿ ತನ್ನ ಬೂಟನ್ನೇ ನೋಡುತ್ತ ನಿಂತ.

"ಒಳ್ಳೆಯವನಾ?"

"ಒಳ್ಳೆಯವನು. ಕೆಟ್ಟವನಾಗಿದ್ರೆ ಜಗಳ ತೆಗೆದು ಬಿಡಿಸ್ಕೋತಿದ್ದೆ."

"ಅಕ್ಕನಿಗೆ ಮಕ್ಕಳಿವೆಯಾ?"

"ಎರಡು."

ಅವನು ತಲೆಯಾಡಿಸಿದ. 'ಬೇಡ ಅಂತ ಹೇಳಿಬಿಡಿ' ಅಂದಾನೇನೋ ಎಂದು ಕಾದೆ. ಅಂದಿದ್ದರೆ ಅವನ ಮೇಲೆ ಸಿಟ್ಟಾದರೂ ಬರುತ್ತಿತ್ತು. ಅಂದುಬಿಡಲಿ ಎಂದೂ ಆಸೆಯಿತ್ತು.

ನಾನು ಹೊರಡುವ ಬೆಳಿಗ್ಗೆ ಅವನು ರೆಸ್ಟೋರೆಂಟಿನ ಬಾಗಿಲಲ್ಲಿದ್ದ, ಇಸ್ತ್ರಿ ಮಾಡಿದ ಜಾಕೆಟ್ ತೊಟ್ಟು.

"ಗೆಸ್ಟ್ ಮೇಡಂ, ಮುಂದಿನ ತಿಂಗಳು ನನಗೆ ಮರುಪರೀಕ್ಷೆ. ಹತ್ತು ನಿಮಿಷ ಕೂರ್ತೀರಾ? ಈ ಸಲ ನಿಜವಾದ ಪ್ರಾಕ್ಟೀಸ್."

ಸೂಟ್‌ಕೇಸನ್ನು ಕುರ್ಚಿಯ ಪಕ್ಕಕ್ಕಿಟ್ಟು ಕೂತೆ.

"ಹಾಲು ಹಾಕಲಾ ಮೇಡಂ?"

"ಹಾಕಿ."

"ಕೆನೆ?"

"ಬೇಡ."

"ಸಕ್ಕರೆ ಎಷ್ಟು?"

"ಅರ್ಧ ಚಮಚ."

ಎಂದೂ ನನ್ನನ್ನು ಕಂಡೇ ಇಲ್ಲದವನ ಹಾಗೆ ಕೇಳಿದ. ಕಪ್ ಇಟ್ಟ. ಅವನ ಬೆರಳು ಹಿಡಿಯನ್ನು ತಿರುಗಿಸಲು ಚೂರು ಮುಂದೆ ಬಂತು. ಅಲ್ಲೇ ನಿಂತಿತು. ಹಿಂದೆ ಸರಿಯಿತು.

ಹಿಡಿ ಬಲಕ್ಕೇ ಉಳಿಯಿತು.

ನಾನು ಬಲಗೈಯಲ್ಲಿ ಎತ್ತಿದೆ. ರೂಢಿಯಿಲ್ಲದ ಕೈ, ಟೀ ಸಾಸರಿಗೆ ಚೆಲ್ಲಿತು.

"ಸರಿಯಾಗಿದೆಯಾ ಮೇಡಂ?"

"ಸರಿಯಾಗಿದೆ. ಈ ಸಲ ಪಾಸಾಗ್ತೀರಿ ಬಿಡಿ," ಎಂದೆ.

ಕೊನೆಯ ಗುಟುಕಿನವರೆಗೂ ಬಲಗೈಯಲ್ಲೇ ಕುಡಿದೆ.